ಮಾತಿನ ನಡುವೆ ಎದ್ದವರು

ಬೋವಿಕಾನ
4 ಜೂನ್ 2024

ಶ್ರೀಮತಿ ಮನೋರಮಾ ಅವರಿಗೆ,

ಬೋವಿಕಾನದಿಂದ ಸೌದಾಮಿನಿ ಬರೆಯುವುದು. ನನ್ನ ಮಗಳು ಅಮೂಲ್ಯಾ ನಿಮ್ಮ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಯಿತು. ಇಷ್ಟರಲ್ಲಿ ನಾನು ನಿಮಗೆ ಕಾಗದ ಬರೆದವಳಲ್ಲ. ಫೋನು ಮಾಡಬಹುದಿತ್ತು. ಆದರೆ ನಿಮ್ಮಲ್ಲಿ ರೇಂಜ್ ಸಿಗುವುದು ಗುಡ್ಡೆಯ ಮೇಲಿನ ನೀರಿನ ಟ್ಯಾಂಕಿಯ ಹತ್ತಿರ ಮಾತ್ರ, ಅಲ್ಲಿ ನಿಂತು ಮಾತಾಡಿದರೆ ಕೆಲಸದವರಿಗೆಲ್ಲ ಕೇಳುತ್ತದೆ ಎಂದು ಅಮೂಲ್ಯಾ ಹೇಳಿದ್ದಳು. ಹಾಗಾಗಿ ಕಾಗದ.

ಮೊನ್ನೆ ಆದಿತ್ಯವಾರ ಬೆಳ್ಳೂರಿನ ತಾಳಮದ್ದಳೆಯಲ್ಲಿ ನಿಮ್ಮ ಯಜಮಾನರದು ರಾಜನ ಪಾತ್ರ, ನಮ್ಮವರದು ದೂತನ ಪಾತ್ರ. ರಾಜ ಮಾತಾಡುತ್ತಿರುವಾಗ ದೂತ ಎದ್ದು ಹೊರಗೆ ನಡೆದದ್ದು ತನಗೆ ಮಾಡಿದ ಅವಮಾನ ಎಂದು ನಿಮ್ಮ ಹರಿನಾರಾಯಣ ಭಟ್ಟರು ಊಟದ ಪಂಕ್ತಿಯಲ್ಲಿ ನಾಲ್ಕು ಜನರ ಎದುರು ಹೇಳಿದರಂತೆ. ವೇಷ, ಕುಣಿತ ಇಲ್ಲದ ಕೂಟದಲ್ಲಿ ಮಾತೇ ಎಲ್ಲ, ಎದುರು ಕೂತವನು ತನ್ನ ಪಾತ್ರದ ಅರ್ಥ ಹೇಳುತ್ತಿರುವಾಗ, ಭಾಗವತರು ಮುಂದಿನ ಪದ ಹಾಡಲು ಎತ್ತುವ ತನಕ, ಕೂತಲ್ಲಿಂದ ಏಳಬಾರದು ಎಂಬ ಮರ್ಯಾದೆ ನಮಗೂ ಗೊತ್ತು. ನಮ್ಮ ಶಿವಸುಬ್ರಹ್ಮಣ್ಯ ಮಾಸ್ಟ್ರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಶಾಲೆಯಲ್ಲಿ ಪಾಠ ಹೇಳಿದಷ್ಟೇ ಕಾಲ ಅವರು ಕೂಟದಲ್ಲಿ ಅರ್ಥವನ್ನೂ ಹೇಳಿದ್ದಾರೆ.

ಕಾರಣ ಬೇಕಾದರೆ ನಾನು ಹೇಳುತ್ತೇನೆ. ಒಂದೇ ಮಾತನ್ನು ಮೂರು ಸಲ ತಿರುಗಿಸಿ ಹೇಳಿದರೆ ಕೇಳುವವರ ತಾಳ್ಮೆಗೂ ಒಂದು ಮಿತಿ ಇರುತ್ತದೆ. ಅದು ಮುಗಿದಿತ್ತು. ಅಷ್ಟೇ.

ಇದು ನಮ್ಮವರು ಹೇಳಿ ಬರೆಸಿದ್ದಲ್ಲ. ಅವರು ಬಾಯಿಯೇ ಬಿಡುವುದಿಲ್ಲ.

ಹೀಗೆಂದು ತಿಳಿಸುವ,
ಸೌದಾಮಿನಿ ಶಿವಸುಬ್ರಹ್ಮಣ್ಯ


ದೇಲಂಪಾಡಿ
13 ಜೂನ್ 2024

ಸೌದಾಮಿನಿ ಅಕ್ಕನಿಗೆ ಮನೋರಮಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂದಾಗ ಇವರು ಚಾವಡಿಯಲ್ಲಿ ಕಾಫಿ ಕುಡಿಯುತ್ತಿದ್ದರು. "ಎಂತ ಬರೆದಿದ್ದಾರೆ ಬೀಗಿತ್ತಿ, ಓದು" ಎಂದರು. ನೀವು ಬರೆದದ್ದರಲ್ಲಿ ಎಂತ ಕೆಟ್ಟದಿದ್ದೀತು ಎಂದು ಗಟ್ಟಿಯಾಗಿ ಓದಿದೆ. 'ಮೂರು ಸಲ ತಿರುಗಿಸಿ' ಎಂಬಲ್ಲಿ ನಿಲ್ಲಿಸಬೇಕಿತ್ತು. ಬಾಯಿ ಓಡುತ್ತಿತ್ತು, ಓದಿಯೇ ಬಿಟ್ಟೆ. ಇವರು ಲೋಟ ಕೆಳಗಿಟ್ಟರು.

"ಆಯ್ತು. ಇನ್ನು ಆ ಮಾಸ್ಟ್ರ ಎದುರು ನಾನು ಕೂರುವವನಲ್ಲ. ಬೇಕಾದರೆ ಅವರು ಹೆಂಡತಿಯ ಎದುರು ಕೂತು ಅರ್ಥ ಹೇಳಲಿ. ಅಲ್ಲಿ ನಡುವಿನಲ್ಲಿ ಏಳುವ ಧೈರ್ಯ ಉಂಟಾ ನೋಡುವ!"

ನನಗೆ ನಗೆ ಬಂತು, ಬೈಸಿಕೊಂಡೆ. ಆದರೆ ಅಕ್ಕ, ಅವರಿಗೆ ನೋವಾದದ್ದು ಹೌದು. ನಿಮ್ಮವರಷ್ಟು ಚಂದ ಎದುರು ಮಾತು ಕೊಡುವವರು ಇವರಿಗೆ ಬೇರೆ ಯಾರೂ ಇಲ್ಲ. ಆ ದಿನದಿಂದ ಕೂಟದ ಸುದ್ದಿಯನ್ನೇ ಎತ್ತುವುದಿಲ್ಲ. ಅಮೂಲ್ಯಾ ಅತ್ತ ಅಪ್ಪನನ್ನೂ ಇತ್ತ ಮಾವನನ್ನೂ ಸಮಾಧಾನ ಮಾಡಲಾಗದೆ ಸುಮ್ಮನಾಗಿದ್ದಾಳೆ.

ಇನ್ನು ಮುಂದಿನದ್ದನ್ನು ನಾನು ಇವರಿಗೆ ಓದಿ ಹೇಳುವುದಿಲ್ಲ. ನನ್ನ ಊಹೆ ತಪ್ಪಾದರೆ ಕ್ಷಮಿಸಿ. ನಿಮ್ಮವರು ಆ ದಿನ ಎದ್ದು ಹೋದ ರೀತಿಯನ್ನು ನಾನು ನೋಡಿದ್ದೇನೆ. ಅದು ಸಿಟ್ಟಿನ ನಡಿಗೆ ಅಲ್ಲ. ಇವರಿಗೂ ಪ್ರೋಸ್ಟೇಟಿನ ತೊಂದರೆ ಉಂಟು. ಬಂತೆಂದರೆ ತಡೆಯುವುದಿಲ್ಲ, ಹೋಗಿ ನಿಂತರೆ ಸರಿಯಾಗಿ ಆಗುವುದೂ ಇಲ್ಲ. ಯಾರಿಗೂ ಗೊತ್ತಾಗಬಾರದೆಂದು ಕೂಟದ ದಿನ ಮಧ್ಯಾಹ್ನದಿಂದ ನೀರೇ ಕುಡಿಯುವುದಿಲ್ಲ. ಮೊದಲು ಟೆರಾಜೋಸಿನ್ ಎಂಬ ಮಾತ್ರೆ ಕೊಟ್ಟಿದ್ದರು. ಅದು ಬಿಪಿಗೂ ಕೊಡುವ ಮಾತ್ರೆಯಂತೆ. ಇವರಿಗೆ ಬಿಪಿ ಇಲ್ಲ, ಹಾಗಾಗಿ ಹಾಸಿಗೆಯಿಂದ ಎದ್ದರೆ ಗೋಡೆ ಹಿಡಿಯಬೇಕಿತ್ತು. ಆಮೇಲೆ ಟ್ಯಾಮ್ಸುಲೋಸಿನ್‌ಗೆ ಬದಲಾಯಿಸಿದರು. ಇದರಲ್ಲಿ ತಲೆ ತಿರುಗುವುದು ಕಡಿಮೆ. ಮಾತ್ರೆ ಖಾಲಿಯಾದ ಪಟ್ಟಿ ಒಂದನ್ನು ಇದರೊಳಗೆ ಇಟ್ಟಿದ್ದೇನೆ. ಡಾಕ್ಟರಿಗೆ ತೋರಿಸಿ ಕೇಳಿ. ಕೇಳದೆ ಕೊಡಬೇಡಿ, ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗಬೇಕೆಂದಿಲ್ಲ.

ನಿಮ್ಮ ಮೇಲೆ ಸ್ವಲ್ಪವೇ ಸಿಟ್ಟಿರುವ,
ಮನೋರಮಾ


ಬೋವಿಕಾನ
18 ಜೂನ್ 2024

ಶ್ರೀಮತಿ ಮನೋರಮಾ ಅವರಿಗೆ,

ನಮ್ಮಲ್ಲಿ ಅಂಥ ತೊಂದರೆ ಇಲ್ಲ. ನಮ್ಮವರಿಗೆ ಇರುವುದು ಬಿಪಿ ಒಂದೇ. ಅದರ ಮಾತ್ರೆಯನ್ನು ನಾನೇ ದಿನಾ ಬೆಳಿಗ್ಗೆ ಕೈಯಲ್ಲಿ ಕೊಡುತ್ತೇನೆ. ನೀವು ಕಳಿಸಿದ ಪಟ್ಟಿಯನ್ನು ಇದರ ಜೊತೆ ಹಿಂದೆ ಕಳಿಸಿದ್ದೇನೆ.

ಗಂಡಸರ ಇಂಥ ವಿಷಯಗಳನ್ನು ಹೆಂಗಸರು ಕಾಗದದಲ್ಲಿ ಬರೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಸೌದಾಮಿನಿ


ಬೋವಿಕಾನ
27 ಆಗಸ್ಟ್ 2024

ಮನೋರಮಾ ಅವರಿಗೆ,

ದಯವಿಟ್ಟು ಇದನ್ನು ಗಟ್ಟಿಯಾಗಿ ಓದಬೇಡಿ. ಬಾಗಿಲು ಹಾಕಿಕೊಂಡು ಓದಿ.

ಮೊದಲು ಕೆಲಸದ ಮಾತು. ಭಟ್ಟರಿಗೆ ಬರುವ ತಿಂಗಳು ಕಣ್ಣಿನ ಪೊರೆಯ ಆಪರೇಷನ್ ಎಂದು ನಿನ್ನೆ ಅಮೂಲ್ಯಾ ಹೇಳಿದಳು. ಅವರು ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವುದನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಆ ಮಾತ್ರೆ ಕಣ್ಣಿನ ಪಾಪೆಯ ಸುತ್ತಲಿನ ಸ್ನಾಯುವನ್ನೂ ಸಡಿಲ ಮಾಡುತ್ತದಂತೆ. ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದೆ ಕೈ ಹಾಕಿದರೆ ಕಷ್ಟ. ಹಾಗೆಂದು ನೀವಾಗಿ ಮಾತ್ರೆ ನಿಲ್ಲಿಸಲೂ ಬಾರದು. ಭಟ್ಟರು ನಾಚಿಕೆಯಿಂದ ಹೇಳದೆ ಹೋಗಬಹುದು, ಹಾಗಾಗಿ ನೀವು ಜೊತೆಗೆ ಹೋಗಿ. ಅಮೂಲ್ಯಾಳಲ್ಲೇ ಹೇಳಬಹುದಿತ್ತು. ಮಾವನಿಗೆ ಆ ಮಾತ್ರೆ ಇರುವುದು ಸೊಸೆಗೆ ಗೊತ್ತಿದೆಯೋ ಇಲ್ಲವೋ ಎಂದು ಹೇಳಲಿಲ್ಲ.

ಇದೆಲ್ಲ ಇವಳಿಗೆ ಹೇಗೆ ಗೊತ್ತು ಎಂದು ನೀವು ಕೇಳುತ್ತೀರಿ. ಬರೆಯುತ್ತೇನೆ.

ನಿಮ್ಮ ಪಟ್ಟಿಯನ್ನು ನಾನು ಹಿಂದೆ ಕಳಿಸಿದ್ದು ಅದರ ಮೇಲಿನ ಹೆಸರನ್ನು ಬರೆದಿಟ್ಟುಕೊಂಡ ಮೇಲೆ. ನಮ್ಮವರಿಗೆ ಆ ತೊಂದರೆ ಶುರುವಾಗಿ ಒಂದು ವರ್ಷ ದಾಟಿತ್ತು. "ಡಾಕ್ಟ್ರಲ್ಲಿ ಒಮ್ಮೆ ತೋರಿಸುವನಾ?" ಎಂದು ಅವರೇ ಕೇಳಿದ್ದರು. ಬೇಡವೆಂದವಳು ನಾನು. ನಮ್ಮ ಡಾಕ್ಟರ ಚೀಟಿ ಬರೆಯುವ ಹುಡುಗಿ ಇವರ ವಿದ್ಯಾರ್ಥಿನಿ. ಬೋವಿಕಾನದ ಮೆಡಿಕಲ್ ಅಂಗಡಿಯಲ್ಲಿ ನಿಲ್ಲುವವನೂ ಇವರ ಕೈಯಲ್ಲಿ ಕಲಿತವನು. ಮಾಸ್ಟ್ರಿಗೆ ಮೂತ್ರ ನಿಲ್ಲುವುದಿಲ್ಲ ಎಂಬ ಮಾತು ಅಂಗಡಿ ಜಗಲಿಯಲ್ಲಿ ಬಂದರೆ ನಾನು ಪೇಟೆಗೆ ಇಳಿಯುವುದು ಹೇಗೆ ಎಂದು ಯೋಚಿಸಿದೆ. ನಾನು ಇಳಿಯುವುದು ಹೇಗೆ ಎಂದು. ಅವರ ಕಷ್ಟ ಎರಡನೆಯದಾಗಿತ್ತು.

ಮದುವೆಗೆ ಹೋಗುತ್ತೇನೆಂದು ಹೇಳಿ ಕರ್ನಾಟಕದ ಗಡಿ ದಾಟಿ ಹೋಗಿ, ಯಾರೂ ಗುರುತಿಲ್ಲದ ಒಂದು ಅಂಗಡಿಯಲ್ಲಿ ಕೇಳಿದೆ. "ಯಾರಿಗಮ್ಮ? ಚೀಟಿ ಉಂಟಾ?" ಎಂದ. "ನನ್ನ ಅಣ್ಣನಿಗೆ. ಚೀಟಿ ಮನೆಯಲ್ಲಿ ಉಂಟು" ಎಂದೆ. ನನಗೆ ಅಣ್ಣನೇ ಇಲ್ಲ. ಕೊಟ್ಟ. ಮನೆಯಲ್ಲಿ ಇವರು "ಇದು ಡಾಕ್ಟ್ರು ಹೇಳಿದ್ದಾ?" ಎಂದು ಕೇಳಿದರು. ಹೌದು ಎಂದೆ. ಇವರು ಮತ್ತೆ ಕೇಳಲಿಲ್ಲ. ನಾನು ಕೊಟ್ಟದ್ದನ್ನು ಮರುಮಾತಿಲ್ಲದೆ ನುಂಗುವುದು ಅವರಿಗೆ ಅಭ್ಯಾಸ.

ಬೆಳಿಗ್ಗೆ ಬಿಪಿಯ ಪ್ರಾಜೋಸಿನ್, ಸಂಜೆ ಇದು. ತೊಂದರೆ ಕಡಿಮೆಯಾಯಿತು. ನನಗೆ ಹೆಮ್ಮೆಯೂ ಬಂತು. ನಡುನಡುವೆ ತಲೆ ತಿರುಗುತ್ತದೆ ಎನ್ನುತ್ತಿದ್ದರು. ಪಿತ್ತ ಎಂದು ಜೀರಿಗೆ ಕಷಾಯ ಮಾಡಿಕೊಟ್ಟೆ.

ಹದಿನೆಂಟನೇ ತಾರೀಕು ಕುಂಬಳೆಯ ಹತ್ತಿರ ಕೂಟ ಇತ್ತು. ಬೆಳ್ಳೂರಿನ ನಂತರ ಇವರು ಒಪ್ಪಿಕೊಂಡ ಮೊದಲನೆಯ ಕೂಟ. ಈ ಸಲ ಏಳಬಾರದು ಎಂದು ನಾನು ಹಟ ಹಿಡಿದೆ. ಅರ್ಥ ಹೇಳುವ ದಿನ ಇವರು ಊಟ ಮಾಡುವುದಿಲ್ಲ. ಆ ಖಾಲಿ ಹೊಟ್ಟೆಗೆ ಮಧ್ಯಾಹ್ನ ಟ್ಯಾಮ್ಸುಲೋಸಿನ್ ಎರಡು ಕೊಟ್ಟೆ. ಎರಡು ಕೊಟ್ಟರೆ ಎರಡು ಪಾಲು ತಡೆದೀತು ಎಂಬ ಬುದ್ಧಿ ನನ್ನದು.

ಏಳಲಿಲ್ಲ. ಕೊನೆಯ ತನಕ ಕೂತರು. ನಾನು ಹೆಂಗಸರ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಕೊನೆಗೆ, "ಮಾಸ್ಟ್ರೇ, ಒಂದು ಶಾಲು ಹೊದಿಸ್ತೇವೆ, ಎದ್ದು ನಿಲ್ಲಿ" ಎಂದರು. ಎದ್ದರು. ಎದ್ದವರು ಹಾಗೇ ಮದ್ದಳೆಯ ಮೇಲೆ ಬಿದ್ದರು. ಪಂಚೆ ಒದ್ದೆಯಾಗಿತ್ತು. ಸನ್ಮಾನದ ಶಾಲನ್ನು ನಾನು ಕಿತ್ತುಕೊಂಡು ಅವರ ಸೊಂಟಕ್ಕೆ ಸುತ್ತಿದೆ. ಹಿಂದಿನಿಂದ ಒಬ್ಬ, "ಮಾಸ್ಟ್ರು ಸ್ವಲ್ಪ ಹಾಕಿದ್ದಾರಾ ಹೇಗೆ ಮಾರಾಯ?" ಎಂದದ್ದು ಸ್ಪಷ್ಟ ಕೇಳಿತು. ನಾನು ತಿರುಗಿ ನೋಡಲಿಲ್ಲ. ಕುಡಿದವರೆಂದೇ ತಿಳಿಯಲಿ, ಅದೊಂದು ಗೊತ್ತಾಗದಿದ್ದರೆ ಸಾಕು ಎಂದು ಆ ಗಳಿಗೆಯಲ್ಲಿ ನನಗೆ ಅನಿಸಿತು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ.

ಆಸ್ಪತ್ರೆಯಲ್ಲಿ ಡಾಕ್ಟರು ಮಲಯಾಳದ ಹುಡುಗಿ, ಮದ್ದಿಗೆ ಮರುನ್ನು, ಮಾಸ್ಟ್ರಿಗೆ ಮಾಷು ಎನ್ನುವವಳು. "ಮಾಷಿಗೆ ಬೇರೆ ಮರುನ್ನು ಎಂತಾದ್ರೂ ಉಂಟಾ ಅಮ್ಮ?" ಎಂದು ಕೇಳಿದಳು. ಕೂಟದವರು ಸುತ್ತ ನಿಂತಿದ್ದರು. ಬಿಪಿಯದ್ದು ಮಾತ್ರ ಎಂದೆ. ಮತ್ತೆ ಕೇಳಿದಳು. ಮತ್ತೆ ಇಲ್ಲವೆಂದೆ. ಅವಳು ಎಲ್ಲರನ್ನೂ ಹೊರಗೆ ಕಳಿಸಿ ನನ್ನ ಹತ್ತಿರ ಕೂತಳು. "ಮಾಷಿನ ಬಿಪಿ ಇಷ್ಟು ಕೆಳಗೆ ಹೋಗಬೇಕಾದರೆ ಎಂತದೋ ಉಂಟಮ್ಮ. ಹೇಳದಿದ್ದರೆ ನಾನು ಯಾವ ಮರುನ್ನು ಕೊಡಲಿ?" ಆಗ ಎರಡೂ ಮಾತ್ರೆಯ ಪಟ್ಟಿಗಳನ್ನು ಚೀಲದಿಂದ ತೆಗೆದು ಕೊಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಎರಡು ಪಟ್ಟಿಗಳನ್ನೂ ಮೇಜಿನ ಮೇಲಿಟ್ಟು ಹೇಳಿದಳು. ಇವು ಒಂದೇ ಜಾತಿಯ ಮಾತ್ರೆಗಳಂತೆ. ಪ್ರಾಜೋಸಿನ್ ಇಡೀ ಶರೀರದ ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ನಿಮ್ಮವರು ಮೊದಲು ತೆಗೆದುಕೊಳ್ಳುತ್ತಿದ್ದ ಟೆರಾಜೋಸಿನ್ ಕೂಡ ಹಾಗೆಯೇ, ಬಿಪಿಗೂ ಬರುತ್ತದೆ, ಪ್ರೋಸ್ಟೇಟಿಗೂ ಬರುತ್ತದೆ. ಟ್ಯಾಮ್ಸುಲೋಸಿನ್ ಹೆಚ್ಚಾಗಿ ಮೂತ್ರದ ದಾರಿಯ ಸ್ನಾಯುವಿನ ಮೇಲೆ ಕೆಲಸ ಮಾಡುತ್ತದೆ, ಬಿಪಿಯನ್ನು ಅಷ್ಟು ಮುಟ್ಟುವುದಿಲ್ಲ. ಆದರೆ ಎರಡನ್ನೂ ಸೇರಿಸಿ ಕೊಟ್ಟರೆ, ಅದರಲ್ಲೂ ಖಾಲಿ ಹೊಟ್ಟೆಗೆ ಹೆಚ್ಚು ಕೊಟ್ಟರೆ, ಕೂತವನು ಎದ್ದಾಗ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ತಲೆಗೆ ಏರುವುದಿಲ್ಲ. "ಬಿದ್ದದ್ದು ಮದ್ದಳೆ ಮೇಲೆ, ಒಳ್ಳೇದಾಯ್ತು. ಕಲ್ಲಿನ ಮೇಲೆ ಆಗಿದ್ರೆ?" ಎಂದಳು. ಕಣ್ಣಿನ ವಿಷಯ ಹೇಳಿದ್ದೂ ಅವಳೇ.

ಈಗ ಪ್ರಾಜೋಸಿನ್ ನಿಲ್ಲಿಸಿ ಬಿಪಿಗೆ ಬೇರೆ ಜಾತಿಯ ಮಾತ್ರೆ ಕೊಟ್ಟಿದ್ದಾರೆ. ಟ್ಯಾಮ್ಸುಲೋಸಿನ್ ದಿನಕ್ಕೆ ಒಂದೇ, ಯಾವಾಗಲೂ ರಾತ್ರಿಯ ಊಟದ ಮೇಲೆ. ಎದ್ದ ಕೂಡಲೇ ನಡೆಯಬಾರದು, ಮಂಚದ ಅಂಚಿನಲ್ಲಿ ಸ್ವಲ್ಪ ಕೂರಬೇಕು. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಆಯಿತು. ಪ್ರಾಯಕ್ಕೆ ಬರುವ ಬಾವು, ಬೇರೆ ಕೆಟ್ಟದ್ದಲ್ಲ.

ಇವರು ನನ್ನನ್ನು ಒಂದು ಮಾತೂ ಕೇಳಿಲ್ಲ. ನಿಮ್ಮವರಿಗೂ ಹೇಳಬೇಡಿ. ಇದನ್ನು ಓದಿ ಒಲೆಗೆ ಹಾಕಿ.

ಮುಖ ತೋರಿಸಲಾಗದ,
ಸೌದಾಮಿನಿ


ದೇಲಂಪಾಡಿ
19 ಸೆಪ್ಟೆಂಬರ್ 2024

ಸೌದಾಮಿನಿ ಅಕ್ಕನಿಗೆ,

ಓದಿದ ದಿನವೇ ಬರೆದಿದ್ದರೆ ಕೆಟ್ಟದಾಗಿ ಬರೆಯುತ್ತಿದ್ದೆ. ಕೇಳದೆ ಕೊಡಬೇಡಿ ಎಂದು ನಾನು ಬರೆದಿದ್ದೆನಲ್ಲ ಅಕ್ಕ? ಮಾಸ್ಟ್ರು ಹೋಗಿಬಿಟ್ಟಿದ್ದರೆ ನನ್ನ ಆ ಖಾಲಿ ಪಟ್ಟಿಯನ್ನು ನಾನು ಎಲ್ಲಿ ಇಟ್ಟುಕೊಳ್ಳಬೇಕಿತ್ತು? ಸಿಟ್ಟು ಇಳಿಯಲಿ ಎಂದು ಕಾದೆ. ಅಷ್ಟರಲ್ಲಿ ಇವರ ಕಣ್ಣೂ ಆಯಿತು.

ನೀವು ಹೇಳಿದಂತೆ ನಾನೇ ಜೊತೆಗೆ ಹೋದೆ. "ಬೇರೆ ಮಾತ್ರೆ ಉಂಟಾ?" ಎಂದು ಕಣ್ಣಿನ ಡಾಕ್ಟರು ಕೇಳಿದಾಗ ಇವರು "ಎಂತದೂ ಇಲ್ಲ" ಎಂದು ರಾಜನ ಗತ್ತಿನಲ್ಲೇ ಹೇಳಿದರು. ನಾನು ಪಟ್ಟಿ ತೆಗೆದು ಮುಂದಿಟ್ಟೆ. ಇವರ ಮುಖ ಕೆಂಪಾಯಿತು. ಹೊರಗೆ ಬಂದು, "ಮೈಕ್ ಹಿಡಿದು ಹೇಳು, ಪಂಚಾಯತಿನವರಿಗೂ ಕೇಳಲಿ" ಎಂದರು. ಆದರೆ ಡಾಕ್ಟರು, "ಹೇಳಿದ್ದು ಒಳ್ಳೆಯದಾಯಿತು, ಈ ಮಾತು ಎಷ್ಟೋ ಮಂದಿ ಅಡಗಿಸುತ್ತಾರೆ" ಎಂದರಂತೆ ನಮ್ಮ ಅವಿನಾಶನಲ್ಲಿ. ಮಗನಿಗೂ ಗೊತ್ತಾಯಿತು, ಆಕಾಶವೇನೂ ಬೀಳಲಿಲ್ಲ. ಕಣ್ಣು ಚೆನ್ನಾಗಿದೆ. ಈಗ ನನ್ನ ಮುಖದ ಸುಕ್ಕು ಕಾಣುತ್ತದಂತೆ. ಆ ಕಣ್ಣು ನೀವು ಕೊಟ್ಟದ್ದು. ಅದನ್ನು ನಾನು ಮರೆಯುವುದಿಲ್ಲ.

ಮಾಸ್ಟ್ರ ವಿಷಯ ಇವರಿಗೆ ಹೇಳಿಲ್ಲ. ನನ್ನ ಬಾಯಿಂದ ಹೋದರೆ ಅದು ಚಾಡಿ. ಅಕ್ಟೋಬರ್ ಇಪ್ಪತ್ತಕ್ಕೆ ನಮ್ಮ ಮನೆಯಲ್ಲಿ ವರ್ಷದ ಕೂಟ. ಎದುರಿಗೆ ಯಾರು ಎಂದು ಕೇಳಿದೆ. "ಬರಲಿ ಮಾಸ್ಟ್ರೇ. ಆದರೆ ಬೆಳ್ಳೂರಿನಲ್ಲಿ ಯಾಕೆ ಎದ್ದದ್ದು ಅಂತ ನನಗೆ ಒಂದು ಮಾತು ಹೇಳಲಿ, ಸಾಕು" ಎಂದರು. ಅಮೂಲ್ಯಾ ನಿಮ್ಮವರಿಗೆ ಫೋನು ಮಾಡಿ ಹಾಗೆಯೇ ತಿಳಿಸಿದ್ದಾಳೆ. ಬರುತ್ತೇನೆ ಎಂದರಂತೆ.

ನಿಮ್ಮ ಕಾಗದ ಒಲೆಗೆ ಹಾಕಿದೆ. ಹಾಕುವಾಗ ಬೇಸರವಾಯಿತು.

ನಿಮ್ಮ ದಾರಿ ನೋಡುವ,
ಮನೋರಮಾ


ಬೋವಿಕಾನ
23 ಅಕ್ಟೋಬರ್ 2024

ಮನೋರಮಾ,

ಆದಿತ್ಯವಾರ ನೀವು ಒಳಗೆ ಬಡಿಸುವ ಗಡಿಬಿಡಿಯಲ್ಲಿದ್ದಿರಿ. ಚಾವಡಿಯಲ್ಲಿ ನಡೆದದ್ದನ್ನು ನಾಲ್ಕು ಬಾಯಿಗಳಿಂದ ನಾಲ್ಕು ರೀತಿ ಕೇಳಿರುತ್ತೀರಿ. ನಾನು ಮಾಡಿದ್ದನ್ನು ನಾನೇ ಬರೆಯುತ್ತೇನೆ.

ನಮ್ಮವರು ಭಟ್ಟರಿಗೆ ಕಾರಣ ಹೇಳಿದ್ದು ನನಗೆ ಕಾಣಲಿಲ್ಲ. ಬಂದವರು ಕೈ ಮುಗಿದರು, ಕೂತರು. ಭಟ್ಟರು ಶುರುವಿಗೇ ಚುಚ್ಚಿದರು. "ಕಳೆದ ಸಲ ನನ್ನ ಮಾತಿನ ನಡುವೆ ಓಡಿದ ದೂತನೇ, ಈ ಸಲ ನಿನ್ನ ಕಾಲಿಗೆ ಹಗ್ಗ ಕಟ್ಟಿಸಲೇ?" ಸಭೆ ನಕ್ಕಿತು. ಇವರು ತಡಮಾಡಲಿಲ್ಲ. "ರಾಜನೇ, ದೂತನ ಕಾಲು ಅವನ ಒಡೆಯನ ಸೊತ್ತು. ಕಟ್ಟಬೇಕಾದದ್ದು ಇದ್ದರೆ ನಿನ್ನ ಮಾತಿನ ಬಾಲವನ್ನು ಕಟ್ಟು." ಭಟ್ಟರೇ ತೊಡೆ ತಟ್ಟಿ ನಕ್ಕರು. ಹಳೆಯದು ಹಿಂದೆ ಬಂತು ಎಂದು ನನಗೆ ಕಣ್ಣು ತುಂಬಿತು.

ಸ್ವಲ್ಪ ಹೊತ್ತಿನ ಮೇಲೆ, ಭಟ್ಟರ ಮಾತು ಏರುತ್ತಿರುವಾಗ, ಇವರು ನೆಲಕ್ಕೆ ಕೈಯೂರಿ ನಿಧಾನ ಎದ್ದರು. ನಿಂತು, ಉಸಿರು ತೆಗೆದು, ಹಿತ್ತಿಲಿಗೆ ನಡೆದರು. ಭಟ್ಟರ ಬಾಯಿ ಅರ್ಧದಲ್ಲಿ ನಿಂತಿತು. ಹಿಂದಿನ ಸಾಲಿನಲ್ಲಿದ್ದ ಪೂವಪ್ಪ, "ದೂತ ಪುನಃ ಪರಾರಿ! ಕುಂಬಳೆಯ ಹಾಗೆ ಬೀಳುವ ಮೊದಲು ಹೋದದ್ದು" ಎಂದ. ನಗು ಎದ್ದಿತು.

ನಾನು ಎದ್ದು ನಿಂತೆ. ಹೆಂಗಸರ ಸಾಲಿನಿಂದ ಯಾರೂ ಎದ್ದು ಮಾತಾಡಿದ್ದು ಇಲ್ಲ. "ಓಡಿದ್ದಲ್ಲ. ಮೂತ್ರಕ್ಕೆ ಹೋದದ್ದು. ಬೆಳ್ಳೂರಿನಲ್ಲಿ ಎದ್ದದ್ದೂ ಅದಕ್ಕೇ. ಅವರಿಗೆ ಪ್ರೋಸ್ಟೇಟ್ ಉಂಟು. ಕುಂಬಳೆಯಲ್ಲಿ ಬಿದ್ದದ್ದು ಕುಡಿದು ಅಲ್ಲ, ನಾನು ಡಾಕ್ಟರಲ್ಲಿ ಕೇಳದೆ ಕೊಟ್ಟ ಮಾತ್ರೆಯಿಂದ. ಭಟ್ಟರ ಮಾತು ಉದ್ದವಾಯಿತೆಂದು ಬರೆದದ್ದೂ ನಾನು. ಸುಳ್ಳು ಬರೆದದ್ದು." ಇಷ್ಟು ಹೇಳಿ ಕೂತೆ. ಪಕ್ಕದವರು ಸೆರಗು ಬಾಯಿಗೆ ಹಿಡಿದರು. ಭಟ್ಟರು ತಗ್ಗಿಸಿದ್ದ ತಲೆ ಎತ್ತಿ ಭಾಗವತರಾದ ಮಹಾಗಣಪತಿಯ ಕಡೆ ತಿರುಗಿ, "ಮಹಾಗಣಪತೀ, ಒಂದು ಪದ ಎತ್ತು ಮಾರಾಯ, ಉದ್ದದ್ದು. ರಾಜನಿಗೂ ಹೋಗಲಿಕ್ಕುಂಟು" ಎಂದರು. ಸಭೆಗೆ ಸಭೆಯೇ ನಕ್ಕಿತು, ಈ ಸಲದ ನಗು ಬೇರೆ. ನನ್ನ ಎದೆ ಹಗುರವಾಯಿತು. ನಾನು ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ.

ಇವರು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿದ್ದರು. ಬಂದು ಕೂತು ಕೊನೆಯ ತನಕ ಅರ್ಥ ಹೇಳಿದರು, ಎಲ್ಲೂ ತಪ್ಪಲಿಲ್ಲ. ನನ್ನ ಕಡೆ ಮಾತ್ರ ನೋಡಲಿಲ್ಲ.

ಹಿಂದೆ ಬರುವಾಗ ಕಾರಿನಲ್ಲಿ ಹೇಳಿದರು, ಸಿಟ್ಟಿಲ್ಲದೆ ಹೇಳಿದರು. "ಕೂಟ ಮುಗಿದ ಮೇಲೆ ಹರಿನಾರಾಯಣನನ್ನು ಟ್ಯಾಂಕಿಯ ಹತ್ತಿರ ಕರಕೊಂಡು ಹೋಗಿ ಹೇಳಬೇಕು ಅಂತ ಇದ್ದೆ. ಕೆಲಸದವರೂ ಇಲ್ಲದೆ ನಾವಿಬ್ಬರೇ ಇರುವಾಗ. ನನ್ನ ಶರೀರದ ವಿಷಯ. ಅಡಗಿಸಬೇಕು ಅಂತ ನಿಶ್ಚಯ ಮಾಡಿದ್ದೂ ನೀನು, ಹೇಳಬೇಕು ಅಂತ ನಿಶ್ಚಯ ಮಾಡಿದ್ದೂ ನೀನು. ನನ್ನಲ್ಲಿ ಯಾವಾಗ ಕೇಳಿದ್ದಿ?"

ಕುಂಬಳೆಯಲ್ಲಿ ಶಾಲು ಸುತ್ತುವಾಗ ಆದ ನಾಚಿಕೆಗಿಂತ ಇದು ದೊಡ್ಡದು. ಆ ದಿನ ಜನ ನೋಡುತ್ತಾರೆಂದು ನಾಚಿಕೆಯಾಗಿತ್ತು. ಈಗ ಯಾರೂ ನೋಡುತ್ತಿರಲಿಲ್ಲ, ಡ್ರೈವರ್ ಕೂಡ ರಸ್ತೆಯನ್ನೇ ನೋಡುತ್ತಿದ್ದ.

ಮೂರು ದಿನದಿಂದ ಬೇಕಾದಷ್ಟೇ ಮಾತು. ಅನ್ನ ಹಾಕು, ಸಾಕು, ಹೀಗೆ. ನಿಮ್ಮವರನ್ನು ಒಮ್ಮೆ ಕಳಿಸಿ ಎಂದು ಕೇಳೋಣವೆಂದು ಶುರು ಮಾಡಿದೆ ಈ ಕಾಗದವನ್ನು. ಈಗ ಅದನ್ನೂ ಕೇಳುವುದಿಲ್ಲ. ಅದೂ ನಾನೇ ನಿಶ್ಚಯ ಮಾಡಿದ ಹಾಗಾಗುತ್ತದೆ.

ನಿಮ್ಮ
ಸೌದಾಮಿನಿ


ಬೋವಿಕಾನ
8 ನವೆಂಬರ್ 2024

ಮನೋರಮಾ,

ನಿನ್ನೆ ಇವರನ್ನು ಪರೀಕ್ಷೆಗೆ ಕರೆದಿದ್ದ ದಿನ. ನಾನು ಸೀರೆ ಉಟ್ಟು ಆಸ್ಪತ್ರೆಯ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಸಿ ತಯಾರಾಗಿದ್ದೆ. ನೋಡಿದರೆ ಗೇಟಿನಲ್ಲಿ ನಿಮ್ಮವರು, ಕರಿ ಕನ್ನಡಕ ಹಾಕಿಕೊಂಡು. ಇವರೇ ಫೋನು ಮಾಡಿ ಕರೆಸಿದ್ದಂತೆ. "ನನಗೂ ಅದೇ ಡಾಕ್ಟ್ರನ್ನು ನೋಡಲಿಕ್ಕುಂಟು ಅಕ್ಕ" ಎಂದರು ಭಟ್ಟರು. ಅದು ನಿಜವೋ, ನನ್ನ ಮರ್ಯಾದೆಗೆ ಹೇಳಿದ್ದೋ ಗೊತ್ತಿಲ್ಲ. ಇವರು ನನ್ನ ಕೈಯಿಂದ ಚೀಲ ತೆಗೆದುಕೊಂಡು, "ನೀನು ಬರುವುದು ಬೇಡ" ಎಂದರು. ಗಟ್ಟಿಯಾಗಿ ಅಲ್ಲ. ಇಬ್ಬರೂ ಬಸ್ಸಿಗೆ ನಡೆದರು.

ಉಟ್ಟ ಸೀರೆಯಲ್ಲೇ ಇಡೀ ದಿನ ಇದ್ದೆ.

ಸಂಜೆ ಬಂದರು. ಗೇಟಿನಿಂದಲೇ ನಗು ಕೇಳುತ್ತಿತ್ತು. ಯಾರೋ ಎಂತದೋ ಹೇಳಿದ್ದು, ಇನ್ನೊಬ್ಬರು ಅದಕ್ಕೆ ಕೊಟ್ಟ ಉತ್ತರ, ಹಾಗೆ. ಕಾಫಿ ತೆಗೆದುಕೊಂಡು ಚಾವಡಿಗೆ ಹೋದಾಗ ಇಬ್ಬರೂ ಮಾತು ನಿಲ್ಲಿಸಿದರು. ಡಾಕ್ಟರು ಎಂತ ಹೇಳಿದರು ಎಂದು ನಾಲಿಗೆಯ ತುದಿಯ ತನಕ ಬಂದಿತ್ತು. ಅದೇ ಮಾತ್ರೆಯೋ, ಬೇರೆಯೋ, ಆಪರೇಷನ್ ಎಂದರೋ, ಬಿಪಿ ಎಷ್ಟಿತ್ತೋ. ಕೇಳಲಿಲ್ಲ. ಲೋಟ ಇಟ್ಟು ಹಿಂದೆ ಬಂದೆ.

ನಿಮ್ಮವರಲ್ಲಿ ನೀವೂ ಕೇಳಬೇಡಿ. ಕೇಳಿದರೂ ನನಗೆ ಬರೆಯಬೇಡಿ. ಹೇಳಬೇಕೆಂದು ಕಂಡರೆ ಇವರೇ ಹೇಳಲಿ.

ಬಾಗಿಲ ಹಿಂದೆ ನಿಂತರೆ ಎಲ್ಲ ಕೇಳುತ್ತದೆ, ನಮ್ಮ ಮನೆ ಸಣ್ಣದು. ನಾನು ಅಡುಗೆಮನೆಗೆ ಹೋದೆ. ಚಾವಡಿಯಲ್ಲಿ ಮಾತು ಮತ್ತೆ ಶುರುವಾದದ್ದು ಗೊತ್ತಾಯಿತು. ನಲ್ಲಿಯನ್ನು ಜೋರಾಗಿ ಬಿಟ್ಟು ಪಾತ್ರೆ ತೊಳೆಯುತ್ತಾ ನಿಂತೆ. ತೊಳೆದಿಟ್ಟದ್ದನ್ನೇ ಮತ್ತೆ ತೊಳೆದೆ, ಅವರ ಮಾತು ಮುಗಿಯುವ ತನಕ.

ಸೌದಾಮಿನಿ